ಬಿಲ್ಲಿನಲ್ಲಿ ಒಂದು ತಾರೀಕು ಬರೆಸಿ, ಸಚಿವರೇ

ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಾದ ಮಾನ್ಯ ಪ್ರಹ್ಲಾದ ಜೋಶಿ ಅವರಿಗೆ,

ನೀವು ಧಾರವಾಡದ ಸಂಸದರು. ಮುಲುಂಡ್ ಪಶ್ಚಿಮದ ಒಂದು ಮನೆಯ ಅಜ್ಜಿಯೂ ಆ ಕಡೆಯವರೇ. ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಚೌತಿಯ ಕಡುಬನ್ನು ತಮ್ಮ ಒಲೆಯ ಮೇಲೆಯೇ ಬೇಯಿಸಿದವರು. ಈ ಸಲ ಅವರು ಪಕ್ಕದ ಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಕಡುಬು ಕಟ್ಟಿದರು. ತಮ್ಮ ಅಡುಗೆಮನೆಗೆ ಕಟ್ಟೆ ಇರಲಿಲ್ಲ, ಸಿಂಕ್ ಇರಲಿಲ್ಲ, ನೆಲವೂ ಇರಲಿಲ್ಲ.

ಮನೆ ರಿಪೇರಿ ಮಾಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಮನೆಯವರು ಟೈಲ್ಸ್ ಮತ್ತು ಮಾಡ್ಯುಲರ್ ಕಿಚನ್‌ಗೆ ಶೇ. 70 ಮುಂಗಡ ಕೊಟ್ಟರು. "ಚೌತಿಯೊಳಗೆ ನಿಮ್ಮ ಅಡುಗೆಮನೆ ತಯಾರು" ಎಂದು ಅಂಗಡಿಯವರು ಅಜ್ಜಿಯ ಎದುರಿಗೇ ಹೇಳಿದರು. ಆ ಮಾತನ್ನು ನಂಬಿ ಹಳೆಯ ಕಟ್ಟೆ ಒಡೆಸಿದರು. ಮಳೆ ಹಿಡಿದಾಗ, ಮಾಲು ಗುಜರಾತಿನ ಮೋರ್ಬಿಯಿಂದ ಹೊರಟಿದೆ ಎಂದರು. ಆಮೇಲೆ ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ ಎಂದರು. ಶ್ರಾವಣದಲ್ಲಿ, ಶೇಡ್ ಬೇರೆ ಬಂದಿದೆ, ವಾಪಸ್ ಕಳಿಸಿದ್ದೇವೆ ಎಂದರು. ಟೈಲ್ಸ್ ಕೂರಿಸುವ ಕಾರಿಗರ ಎರಡು ವಾರ ಕಾದು ಬೇರೆ ಸೈಟಿಗೆ ಹೋದ. ಸೊಸೈಟಿ ಕೊಟ್ಟಿದ್ದ ಕೆಲಸದ ಅನುಮತಿಯ ಅವಧಿಯೂ ಮುಗಿಯಿತು.

ಫೋನು, ವಾಟ್ಸಾಪ್, ಇಮೇಲ್ ಎಲ್ಲ ಆಯಿತು. 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಾಗಿ ಅಂಗಡಿಗೆ ರವಾನೆಯಾಯಿತು. ಆದರೆ ಸಹಾಯವಾಣಿ ವ್ಯಾಜ್ಯಕ್ಕೆ ಮುಂಚಿನ ದಾರಿ. ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಕೊನೆಗೆ ಅಜ್ಜಿಯ ಮಗನೇ ಅಂಗಡಿಗೆ ಹೋದರು. ಸಿಕ್ಕ ಉತ್ತರ ಇದು: "ಬಿಲ್ಲಿನಲ್ಲಿ ಚೌತಿ ಅಂತ ಎಲ್ಲಿ ಬರೆದಿದೆ, ತೋರಿಸಿ."

ಬರೆದಿರಲಿಲ್ಲ.

ಬಿಲ್ಲಿನಲ್ಲಿ ಏನೇನಿರಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಸಾಮಾನ್ಯ ನಿಯಮಗಳು ಪಟ್ಟಿ ಮಾಡಿವೆ: ಮಾರುವವರ ಹೆಸರು, ವಿಳಾಸ, ಕ್ರಮಸಂಖ್ಯೆ, ಬಿಲ್ಲಿನ ತಾರೀಕು, ಸರಕಿನ ವಿವರ, ಪ್ರಮಾಣ, ತೆರಿಗೆ ದರ, ಸಹಿ. ಸರಕು ಮನೆ ಮುಟ್ಟುವ ತಾರೀಕು ಆ ಪಟ್ಟಿಯಲ್ಲಿಲ್ಲ. ತಾರೀಕು ಗೊತ್ತುಮಾಡದಿದ್ದಲ್ಲಿ ಸಮಂಜಸ ಕಾಲದೊಳಗೆ ಕಳಿಸಬೇಕು ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆ. ಸಮಂಜಸವೆಂದರೆ ಎಷ್ಟು ದಿನ? ಅದು ತೀರ್ಮಾನವಾಗಲು ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ಇದು ನಿಜಕ್ಕೂ ಉಪಕಾರ. ಆದರೆ ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿ 3 ತಿಂಗಳೊಳಗೆ ಇತ್ಯರ್ಥವಾಗಬೇಕೆಂಬ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಶಯ ಪೂರ್ತಿ ಈಡೇರಿದರೂ, ಕಟ್ಟೆಯಿಲ್ಲದ ಮನೆಯಲ್ಲಿ ಆ 3 ತಿಂಗಳು ಅಡುಗೆ ಮಾಡುವವರು ಯಾರು?

ಫ್ಲ್ಯಾಟ್ ಕೊಡಲು ತಡ ಮಾಡಿದ ಬಿಲ್ಡರ್, ಕಾಯಲು ಒಪ್ಪಿದ ಗ್ರಾಹಕನಿಗೆ ತಿಂಗಳು ತಿಂಗಳೂ ಬಡ್ಡಿ ಕೊಡಬೇಕು. ರೇರಾ ಕಾಯ್ದೆಯ 18ನೇ ಸೆಕ್ಷನ್ ಹಾಗೆ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಆ ದರ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ (ಸಾಲದ ಮೂಲ ದರ) ಮೇಲೆ ಶೇ. 2. ಅದೇ ಫ್ಲ್ಯಾಟಿಗೆ ಟೈಲ್ಸ್ ಕೊಡುವವರು ಮುಂಗಡ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯಿಸಿದರೆ ಅಂಥ ಬಡ್ಡಿ ಏಕಿಲ್ಲ? ಗ್ರಾಹಕ ಸಾಲದ ಕಂತು ತಪ್ಪಿಸಿದರೆ ಬ್ಯಾಂಕು ಸುಮ್ಮನಿರುತ್ತದೆಯೇ? ಕಿಟಕಿ, ವಾರ್ಡ್‌ರೋಬ್, ಸೋಫಾ, ಯಾವುದಾದರೂ ಆಗಲಿ, ಮುಂಗಡ ಕೈಬಿಟ್ಟ ಗಳಿಗೆಯಿಂದ ದುಡ್ಡು ಕೊಟ್ಟವನೇ ಅಂಗಲಾಚಬೇಕು. ವ್ಯಾಪಾರದ ಈ ರೀತಿಯನ್ನು ಎಷ್ಟು ಕಾಲ ಸಹಿಸಬೇಕು?

ಕೇಳುವುದು ಎರಡೇ. ಮುಂಗಡ ಪಡೆದ ಪ್ರತಿ ಬಿಲ್ಲಿನಲ್ಲೂ ಸರಕು ಮುಟ್ಟಿಸುವ ತಾರೀಕು ಕಡ್ಡಾಯವಾಗಲಿ. ಆ ತಾರೀಕು ಮೀರಿದರೆ ಮುಂಗಡದ ಮೇಲೆ ಬಡ್ಡಿ ತಾನಾಗಿ ಸೇರಲಿ. ಮೊದಲನೆಯದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ನಿಮ್ಮದೇ ಇಲಾಖೆಯ ನಿಯಮಗಳ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು.

ಅಜ್ಜಿಗೆ ಕೊಟ್ಟ ಮಾತು ಬಾಯಿಮಾತಾಗಿತ್ತು, ಅದಕ್ಕೇ ಅದನ್ನು ಮುರಿಯುವುದು ಸುಲಭವಾಯಿತು. ಇನ್ನೊಂದು ಮನೆಯ ಹಿರಿಯರು ಹಬ್ಬದ ದಿನ ನೆರೆಮನೆಯ ಒಲೆಗೆ ಹೋಗದಂತೆ ನೋಡಿಕೊಳ್ಳಿ. ಆ ಸಾಲನ್ನು ಮುಂದಿನ ಚೌತಿಯೊಳಗೆ ಬರೆಸಿ.

ಇತಿ,
ಮುಲುಂಡಿನ ಒಬ್ಬ ಗ್ರಾಹಕ