ಮಾರ್ಕ್ಸ್ ಕಾರ್ಡ್ ಕೇಳಬೇಡಿ, ತರಬೇತಿ ಕೊಡಿ

2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಐದು ವರ್ಷ ಮುಗಿಯುತ್ತಿದ್ದಂತೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಟ್ಟೆಗಳ ಮೇಲೆ ಹಳೇ ಮಾತು ಮತ್ತೆ ಶುರುವಾಗಿದೆ: ‘ಎಸ್ಸೆಸ್ಸೆಲ್ಸಿನೂ ಪಾಸಾಗದವರು ಅಧ್ಯಕ್ಷರಾದರ ಊರು ಉದ್ಧಾರ ಆಗತೈತೇನು?’

ಹರಿಯಾಣ 2015ರಲ್ಲಿ ಇದನ್ನೇ ಕಾನೂನು ಮಾಡಿತು. ಸಾಮಾನ್ಯ ವರ್ಗದ ಪುರುಷರಿಗೆ ಹತ್ತನೇ ತರಗತಿ, ಮಹಿಳೆಯರಿಗೆ ಎಂಟನೇ ತರಗತಿ ಕಡ್ಡಾಯ. ಸುಪ್ರೀಂ ಕೋರ್ಟ್ ಕೂಡ ರಾಜಬಾಲಾ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನ ಇಂಥದ್ದೇ ನಿಯಮ ತಂದು 2019ರಲ್ಲಿ ಕೈಬಿಟ್ಟಿತು. ಶಾಸಕರಿಗೆ, ಸಂಸದರಿಗೆ ಇಲ್ಲದ ಪರೀಕ್ಷೆ ಪಂಚಾಯಿತಿ ಸದಸ್ಯೆಗೆ ಮಾತ್ರ ಯಾಕೆ? ಐವತ್ತು ದಾಟಿದ ಹೆಣ್ಣುಮಗಳಿಗೆ ಶಾಲೆ ಸಿಗದಿದ್ದದ್ದು ಅವಳ ತಪ್ಪೇ?

ಆದರೆ ಕಟ್ಟೆಯ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ನಮ್ಮ ಕಡೆ ಹಿಂದೆ ಊರು ಗೌಡರದು, ಲೆಕ್ಕ ಕುಲಕರ್ಣಿಯರದು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದು ಮಾಡಿತು. ಲೆಕ್ಕ ಓದಬಲ್ಲವರ ಕೈಯೇ ಮೇಲು ಅನ್ನುವುದು ಮಾತ್ರ ರದ್ದಾಗಲಿಲ್ಲ. ಇವತ್ತು ಆ ಜಾಗದಲ್ಲಿ ಪಿಡಿಓ, ಕಂಪ್ಯೂಟರ್ ಆಪರೇಟರ್, ಇಲ್ಲವೇ ಅಧ್ಯಕ್ಷೆಯ ಗಂಡ ಕೂತಿರುತ್ತಾರೆ. ಹಣ ಪಾವತಿಗೆ ಅಧ್ಯಕ್ಷರು, ಪಿಡಿಓ ಇಬ್ಬರ ಡಿಜಿಟಲ್ ಸಹಿ ಬೇಕು. ಅಧ್ಯಕ್ಷೆಯ ಡೊಂಗಲ್ ಇನ್ನೊಬ್ಬರ ಕಿಸೆಯಲ್ಲಿದ್ದರೆ ಆ ಎರಡನೇ ಸಹಿಗೆ ಏನರ್ಥ? ನಾಳೆ ಅವ್ಯವಹಾರದ ನೋಟಿಸು ಬಂದರೆ ಅದರ ಮೇಲೆ ಹೆಸರು ಅವಳದ್ದೇ.

ತರಬೇತಿ ಇಲ್ಲವೇ ಇಲ್ಲ ಅಂತಲ್ಲ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆಯಿದೆ. ಅಲ್ಲಿಂದ ಉಪಗ್ರಹದ ಮೂಲಕ ಪಾಠ ತಾಲ್ಲೂಕು ಪಂಚಾಯಿತಿಯ ಪರದೆಗೆ ಬರುತ್ತದೆ. ಪರದೆ ನೋಡಿ, ಊಟ ಮಾಡಿ, ಹಾಜರಿ ಹಾಕಿ ಬಂದರೆ ಕ್ರಿಯಾಯೋಜನೆ ಓದಲು ಬರುವುದಿಲ್ಲ. ಈಜು ನೀರಿಗಿಳಿದೇ ಕಲಿಯಬೇಕು.

ಹಾಗಾಗಿ ಬೇಡಿಕೆ ಸರಳ. ಆಯ್ಕೆಯಾದ ಮೊದಲ ತಿಂಗಳಲ್ಲೇ, ತಾಲ್ಲೂಕಿನಲ್ಲೇ, ನಮ್ಮ ಮಾತಿನಲ್ಲೇ ಹತ್ತು ದಿನ ಪಾಠ ಆಗಲಿ. ತಮ್ಮದೇ ಪಂಚಾಯಿತಿಯ ಬಿಲ್ಲು, ನಡಾವಳಿ, ನರೇಗಾ ಹಾಜರಿಪಟ್ಟಿ ಎದುರಿಗಿಟ್ಟುಕೊಂಡು ಕಲಿಸಲಿ. ಗಂಡಂದಿರಿಗೆ ಒಳಗೆ ಪ್ರವೇಶ ಬೇಡ. ಕಳೆದುಹೋದ ಕೂಲಿಯನ್ನು ಸರ್ಕಾರವೇ ಕೊಡಲಿ. ಪಾಠ ಮುಗಿದ ಮೇಲೆ ಡೊಂಗಲ್ ಅಧ್ಯಕ್ಷರ ಕೈಗೇ ಕೊಡಲಿ. ಅಲ್ಲಿಯವರೆಗೆ ದೊಡ್ಡ ಬಿಲ್ಲು ನಿಲ್ಲಲಿ. ಪಾಠ ತಡವಾದರೆ ಉತ್ತರ ಹೇಳಬೇಕಾದವರು ತಾಲ್ಲೂಕಿನ ಇಓ, ಅಧ್ಯಕ್ಷೆಯಲ್ಲ.

ಪಿಡಿಓ ಆಗಲು ಪದವಿ ಬೇಕು, ಪರೀಕ್ಷೆ ಪಾಸಾಗಬೇಕು. ಅವರ ಲೆಕ್ಕ ಕೇಳಬೇಕಾದ ಅಧ್ಯಕ್ಷೆಗೆ ಹತ್ತು ದಿನದ ಪಾಠವನ್ನೂ ಕೊಡದ ಸರ್ಕಾರ, ಅವಳು ಲೆಕ್ಕ ಕೇಳುವುದನ್ನೇ ಬಯಸುವುದಿಲ್ಲ ಅಂತ ತಿಳಿಯಬೇಕಾಗುತ್ತದೆ.