ಬೀಡಿಂಗ್ ಬಿಚ್ಚದೆ ಬಳಿದ ಬಣ್ಣ ಯಾರಿಗೆ ಲಾಭ?

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಸೀಮೆಯ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರ ಪಾಲಿಗೆ ಹಳೆಯ ಕಾರು ಕೇವಲ ಓಡಾಟದ ಸಾಧನವಲ್ಲ, ದುಡಿಮೆಯ ಬಂಡವಾಳವೂ ಹೌದು. ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್ 2005ರಲ್ಲಿ, ಮಾರುತಿ 800 ಕಾರು 2014ರಲ್ಲಿ, ಓಮ್ನಿ ವ್ಯಾನ್ 2019ರಲ್ಲಿ ತಯಾರಿಕೆಯಿಂದ ಮರೆಯಾದರೂ ಅವುಗಳ ದುಡಿಮೆ ಇನ್ನೂ ಮುಗಿದಿಲ್ಲ. ಇಂತಹ ವಾಹನಗಳ ಎಂಜಿನ್ ಗಟ್ಟಿಯಾಗಿರುವಾಗಲೇ ಒಡಲನ್ನು ತುಕ್ಕು ತಿನ್ನುತ್ತದೆ. ಅನೇಕ ವೇಳೆ ಅದು ಮೊದಲು ಬೇರೂರುವುದು ಬಾಗಿಲುಗಳ ಉದ್ದಕ್ಕೂ ಅಂದಕ್ಕಾಗಿ ಕೂರಿಸಿದ ಬೀಡಿಂಗ್‌ನ ಹಿಂದೆ.

ಇದನ್ನು ಉಪೇಕ್ಷಿಸುವ ಕಾಲ ಈಗಿಲ್ಲ. ಖಾಸಗಿ ಕಾರಿನ ನೋಂದಣಿ ಅವಧಿ 15 ವರ್ಷ. ಅನಂತರ ತಪಾಸಣೆಗೊಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಈ ನವೀಕರಣ ಶುಲ್ಕ 600 ರೂ.ಗಳಿಂದ 5,000 ರೂ.ಗಳಿಗೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ಮೀರಿದ ಲಘು ಮೋಟಾರು ವಾಹನಗಳಿಗೆ ಅದನ್ನು 10,000 ರೂ.ಗಳಿಗೆ ಹೆಚ್ಚಿಸಲಾಯಿತು. ಇಷ್ಟು ಹಣ ತೆತ್ತು ಉಳಿಸಿಕೊಂಡ ವಾಹನದ ಬಾಗಿಲು ಎರಡೇ ಮಳೆಗಾಲದಲ್ಲಿ ತೂತು ಬಿದ್ದರೆ ತೆತ್ತ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

ಬೀಡಿಂಗ್‌ನ ಹಿಂದೆ ತುಕ್ಕು ಹುಟ್ಟುವುದೇಕೆ? ಪಟ್ಟಿಗೂ ತಗಡಿಗೂ ನಡುವಿನ ಸಂದಿನಲ್ಲಿ ಧೂಳು ತುಂಬಿ ನೀರನ್ನು ಹಿಡಿದಿಡುತ್ತದೆ; ಗಾಳಿಯಾಡದ ಆ ಜಾಗ ಬೇಗ ಒಣಗುವುದಿಲ್ಲ. ಕ್ಲಿಪ್‌ಗಳಿಗಾಗಿ ಕೊರೆದ ರಂಧ್ರಗಳ ಅಂಚಿನಲ್ಲಿ ಬಣ್ಣ ಸವೆದು ಉಕ್ಕು ಬೆತ್ತಲಾಗಿರುತ್ತದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಪಟ್ಟಿಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡಾಗ ಒಳಗಿನ ಹಾನಿ ಅದಕ್ಕಿಂತ ಬಹಳ ಮುಂದುವರಿದಿರುತ್ತದೆ.

ಬಯಲುಸೀಮೆಯ ಒಣ ಹವೆಯಲ್ಲಿ ತುಕ್ಕಿನ ಭಯವಿಲ್ಲವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಫಲ ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ ಸುಮಾರು 2 ಕಿಲೋ ಪೊಟ್ಯಾಷ್ ಶಿಫಾರಸಾಗಿದೆ. ಬುಡಕ್ಕೆ ಅಡುಗೆ ಉಪ್ಪು ಹಾಕುವ ರೂಢಿಯೂ ಹಳೆಯದು. ಎರಡೂ ಕ್ಲೋರೈಡ್ ಲವಣಗಳೇ. ಚೀಲದಿಂದ ಸೋರಿದ ಲವಣ ವ್ಯಾನಿನ ನೆಲದಲ್ಲಿ, ಬಾಗಿಲ ತಳದಲ್ಲಿ ಉಳಿದರೆ ತುಕ್ಕಿಗೆ ವೇಗ ಬರುತ್ತದೆ. ಒದ್ದೆಯಾದ ನಾರಿನ ಚಾಪೆಯನ್ನು ಹಾಗೆಯೇ ಹಾಸಿಟ್ಟರೂ ಅದೇ ಫಲ. ಕರಾವಳಿಯಲ್ಲಿ ಓಡಿದ ಕಾರನ್ನು ಕೊಳ್ಳುವವರಂತೂ ಇಮ್ಮಡಿ ಎಚ್ಚರ ವಹಿಸಬೇಕು.

ಚಿಕಿತ್ಸೆಯ ಕ್ರಮ ಕಠಿಣವಲ್ಲ. ತಾಳ್ಮೆ ಬೇಕು ಅಷ್ಟೆ. ಅಂಟಿನ ಪಟ್ಟಿಯಾದರೆ ಬಿಸಿಗಾಳಿಯಿಂದ ಹದವಾಗಿ ಕಾಯಿಸಿ, ಹಿಂಬದಿಯಲ್ಲಿ ನೈಲಾನ್ ದಾರವನ್ನು ಗರಗಸದಂತೆ ಎಳೆದು ಬಿಡಿಸಬೇಕು. ಕ್ಲಿಪ್‌ನ ಪಟ್ಟಿಯಾದರೆ ಸುತ್ತ ಟೇಪ್ ಅಂಟಿಸಿ, ಮರದ ಅಥವಾ ಪ್ಲಾಸ್ಟಿಕ್ಕಿನ ಬೆಣೆಯಿಂದ ಒಂದೊಂದೇ ಕ್ಲಿಪ್ ಬಳಿ ಎಬ್ಬಿಸಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪಟ್ಟಿಯೂ ಬಾಗುತ್ತದೆ, ತಗಡೂ ತಗ್ಗಾಗುತ್ತದೆ. ಬಳಿಕ ತುಕ್ಕನ್ನು ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಿ ತೆಗೆದು, ಒರೆಸಿ ಒಣಗಿಸಿ, ಎಪಾಕ್ಸಿ ಪ್ರೈಮರ್ ಬಳಿಯಬೇಕು. ಪುಟ್ಟಿ ನೀರು ಹೀರುವ ಪದಾರ್ಥ. ತುಕ್ಕಿನ ಮೇಲೆಯೇ ಅದನ್ನು ಮೆತ್ತುವುದು ರೋಗವನ್ನು ಮುಚ್ಚಿ ಬೆಳೆಸಿದಂತೆ. ತೂತು ಬಿದ್ದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವುದೊಂದೇ ದಾರಿ. ಪಟ್ಟಿಯನ್ನು ಮರಳಿ ಕೂರಿಸುವ ಮುನ್ನ ಕ್ಲಿಪ್ ರಂಧ್ರಗಳಿಗೆ ಸೀಲೆಂಟ್ ತುಂಬಿ, ಬಾಗಿಲಿನೊಳಕ್ಕೆ ಮೇಣ ಸಿಂಪಡಿಸಿ, ತಳದ ನೀರಿಳಿಯುವ ತೂತುಗಳನ್ನು ತೆರವುಗೊಳಿಸಬೇಕು.

ಹೀಗಿದ್ದೂ ಪಟ್ಟಿ ಬಿಚ್ಚದೆ ಬಣ್ಣ ಬಳಿಯುವ ಪದ್ಧತಿ ಏಕೆ ನಿಂತಿಲ್ಲ? ಟಿಂಕರನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಆಯುಧಪೂಜೆಯೊಳಗೆ ಕಾರು ಹೊಳೆಯಬೇಕೆಂದು ಅವಸರಿಸುವವನು ಮಾಲೀಕ; ಇಡಿಯ ಕೆಲಸಕ್ಕೆ ಒಂದೇ ಮೊತ್ತ ಹೇಳೆಂದು ಚೌಕಾಸಿ ಮಾಡುವವನೂ ಮಾಲೀಕನೇ. ಒಳಗೆ ಏನಿದೆಯೆಂದು ಕಾಣದೆ ದರ ಹೇಳಿದ ಟಿಂಕರ್, ಅದು ಕಾಣದಿರುವುದೇ ಲೇಸೆಂದು ಭಾವಿಸಿದರೆ ಅಚ್ಚರಿಯೇನಿದೆ? ಮುರಿದ ಕ್ಲಿಪ್ಪಿಗೆ ಬದಲಿ ದೊರೆಯದೆಂಬ ಆತಂಕವೂ ಅವನಿಗಿರುತ್ತದೆ.

ಪರಿಹಾರ ವ್ಯಾಪಾರದ ಶಿಸ್ತಿನಲ್ಲಿಯೇ ಇದೆ. ಬಿಚ್ಚುವ ಕೂಲಿಯನ್ನು ಮೊದಲು ಪ್ರತ್ಯೇಕವಾಗಿ ಗೊತ್ತು ಮಾಡಬೇಕು; ಬಿಚ್ಚಿದ ಮೇಲೆ ಇಬ್ಬರೂ ನೋಡಿ ಉಳಿದ ಕೆಲಸದ ಅಂದಾಜನ್ನು ಲಿಖಿತವಾಗಿ ಒಪ್ಪಿಕೊಳ್ಳಬೇಕು; ಪ್ರೈಮರ್ ಬಳಿದ ಹಂತದಲ್ಲಿ ಮಾಲೀಕ ಮತ್ತೊಮ್ಮೆ ಪರಿಶೀಲಿಸಬೇಕು. ಬಿಡಿಭಾಗಗಳ ವರ್ತಕರು ಹಳೆಯ ಮಾದರಿಗಳ ಕ್ಲಿಪ್‌ಗಳನ್ನು ದಾಸ್ತಾನಿಡಬೇಕು. ಪ್ಲಾಸ್ಟಿಕ್ ಅಚ್ಚಿನ ಸಣ್ಣ ಘಟಕಗಳಿಗೆ ಇದೊಂದು ಪುಟ್ಟ ಮಾರುಕಟ್ಟೆಯಾಗಬಲ್ಲದು. ವಾಣಿಜ್ಯ ಸಂಘಗಳು ಗ್ಯಾರೇಜುಗಳಿಗಾಗಿ ಒಂದು ಸರಳ ಅಂದಾಜು ಪತ್ರದ ಮಾದರಿಯನ್ನು ಸಿದ್ಧಪಡಿಸಿದರೆ ಉಭಯತ್ರರಿಗೂ ಹಿತ.

ಉಂಡೆ ಕೊಬ್ಬರಿಗಾಗಿ ತಿಂಗಳುಗಟ್ಟಲೆ ಕಾಯಿಯನ್ನು ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕಾಗುವವರೆಗೆ ಕಾಯುವ ಸೀಮೆ ಇದು. ಇಲ್ಲಿನ ವರ್ತಕ ಸಿಪ್ಪೆಯ ಅಂದ ನೋಡಿ ಕೊಬ್ಬರಿಗೆ ಬೆಲೆ ಕಟ್ಟುವವನಲ್ಲ. ಅದೇ ವಿವೇಕವನ್ನು ತನ್ನ ವಾಹನದ ವಿಷಯದಲ್ಲೂ ತೋರಿದರೆ ಅವನ ಹಣ ಉಳಿಯುತ್ತದೆ, ಪ್ರಾಮಾಣಿಕ ಕುಶಲಕರ್ಮಿಗೆ ತಕ್ಕ ಕೂಲಿಯೂ ದೊರೆಯುತ್ತದೆ.