ಬೋಟಿನ ಮಾಹಿತಿ ಜಾಲ: ಘಟ್ಟದ ಮೇಲಿನ ವರ್ಕ್‌ಶಾಪುಗಳಿಗೊಂದು ಮಳೆಗಾಲದ ಕಸುಬು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವರ್ತಕರಿಗೆ ಸಮುದ್ರದೊಡನೆ ನಂಟು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿದ್ದುದರಿಂದ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ಬಿದ್ದಿತ್ತು. ನಮ್ಮ ಅಡಿಕೆ, ಕಾಳುಮೆಣಸುಗಳೂ ಅದೇ ದಾರಿ ಹಿಡಿದಿದ್ದವು. ರೈಲು, ಲಾರಿಗಳು ಬಂದ ಮೇಲೆ ನಮ್ಮ ದೃಷ್ಟಿ ಹುಬ್ಬಳ್ಳಿಯ ಕಡೆಗೆ ಹೊರಳಿತು. ದೇವಿಮನೆ, ದೊಡ್ಮನೆ, ಅರಬೈಲು ಘಟ್ಟಗಳ ಕೆಳಗೆ ನಮ್ಮದೇ ಜಿಲ್ಲೆಯ ಐದು ಕರಾವಳಿ ತಾಲೂಕುಗಳಿವೆ, ಅಲ್ಲಿ ಬೋಟುಗಳಿವೆ, ಆ ಬೋಟುಗಳಿಗೆ ಕೆಲಸಗಾರರ ಅಗತ್ಯವಿದೆ ಎಂಬುದನ್ನು ನಾವು ವ್ಯಾಪಾರದ ದೃಷ್ಟಿಯಿಂದ ಯೋಚಿಸಿದ್ದು ಕಡಿಮೆ. ಈ ಲೇಖನದ ಉದ್ದೇಶ ಅಂತಹ ಒಂದು ಕೆಲಸದತ್ತ ಸದಸ್ಯರ ಗಮನ ಸೆಳೆಯುವುದು. ಅದೆಂದರೆ ಬೋಟಿನ ಎಲೆಕ್ಟ್ರಾನಿಕ್ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ತಂತಿ ಜಾಲದ ಅಳವಡಿಕೆ.

ಇಂದು ದೊಡ್ಡ ಟ್ರಾಲರ್ ಅಥವಾ ಪರ್ಸೀನ್ ಬೋಟಿನ ಚಾಲಕನ ಕೋಣೆಯೊಳಗೆ ಹೊಕ್ಕು ನೋಡಿದರೆ ಜಿಪಿಎಸ್, ಫಿಶ್ ಫೈಂಡರ್, ವಿಎಚ್‌ಎಫ್ ರೇಡಿಯೋಗಳು ಕಾಣಸಿಗುತ್ತವೆ. 2008ರ ನವೆಂಬರ್ 26ರ ಮುಂಬಯಿ ದಾಳಿಯ ನಂತರ 20 ಮೀಟರಿಗಿಂತ ಉದ್ದದ ಬೋಟುಗಳಿಗೆ ಎಐಎಸ್ ಎಂಬ ಗುರುತು ಸಾಧನ ಕಡ್ಡಾಯವಾಯಿತು. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಮಂತ್ರಿಗಳು ಚಾಲನೆ ನೀಡಿದ ಯೋಜನೆಯಲ್ಲಿ 13 ಕರಾವಳಿ ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಮೀನುಗಾರಿಕೆ ದೋಣಿಗಳಿಗೆ ಹಂತಹಂತವಾಗಿ 1 ಲಕ್ಷ ಟ್ರಾನ್ಸ್‌ಪಾಂಡರ್‌ಗಳನ್ನು ಅಳವಡಿಸುವ ಗುರಿಯಿದ್ದು, ಅಂದಾಜು ವೆಚ್ಚ ಸುಮಾರು 360 ಕೋಟಿ ರೂಪಾಯಿ. ಉಪಕರಣಗಳು ಹೀಗೆ ಒಂದರ ಮೇಲೊಂದು ಬರುತ್ತಿವೆ. ಆದರೆ ಅವುಗಳನ್ನು ಜೋಡಿಸುವ ವೈರಿಂಗ್ ಮಾತ್ರ ಯಾರ ಜವಾಬ್ದಾರಿಯೂ ಅಲ್ಲದ ವಸ್ತುವಾಗಿ ಉಳಿದಿದೆ.

ಒಂದು ಬಿಲ್ಲಿನ ಕಥೆ

ಕೆಲವು ವರ್ಷಗಳ ಹಿಂದೆ ಘಟ್ಟದ ಕೆಳಗಿನ ಒಬ್ಬ ಬೋಟು ಮಾಲೀಕರ ಲೆಕ್ಕಪತ್ರಗಳನ್ನು ಪರಿಶೀಲಿಸುವ ಸಂದರ್ಭ ನನಗೆ ಬಂದಿತ್ತು. ಉಪಕರಣಗಳ ಖರೀದಿಯ ಬಿಲ್ಲಿನಲ್ಲಿ ‘ಎಲೆಕ್ಟ್ರಾನಿಕ್ ಸಾಮಾನು, ಫಿಟ್ಟಿಂಗ್ ಸಹಿತ’ ಎಂದು ಒಂದೇ ಸಾಲು, ಒಂದೇ ಮೊತ್ತ. ಮುಂದಿನ ಎರಡು ವರ್ಷಗಳಲ್ಲಿ ರಿಪೇರಿ ಖಾತೆಯಲ್ಲಿ ಅದೇ ಫಿಶ್ ಫೈಂಡರ್ ಮೂರು ಬಾರಿ ಕಾಣಿಸಿಕೊಂಡಿತ್ತು. ಮೂರು ಬಾರಿಯೂ ಉಪಕರಣವನ್ನು ಬಿಚ್ಚಿ ಪೇಟೆಗೆ ಕಳುಹಿಸಲಾಗಿತ್ತು. ಮೂರು ಬಾರಿಯೂ ಅದು ಸರಿಯಿದೆ ಎಂಬ ಉತ್ತರ ಬಂದಿತ್ತು. ಕೊನೆಗೆ ದೋಷ ಸಿಕ್ಕಿದ್ದು ಎಂಜಿನ್ ಕೋಣೆಯಲ್ಲಿ. ಎರಡು ತಂತಿಗಳನ್ನು ಕೈಯಿಂದ ತಿರುಚಿ ಟೇಪು ಸುತ್ತಿದ ಒಂದು ಜೋಡಣೆ ಉಪ್ಪುಗಾಳಿಗೆ ಹಸಿರುಗಟ್ಟಿತ್ತು. ಸಾಗಣೆ, ರಿಪೇರಿ ಶುಲ್ಕ ಮತ್ತು ಕಡಲಿಗಿಳಿಯದ ದಿನಗಳ ನಷ್ಟದ ಮುಂದೆ ಸರಿಯಾದ ಕೇಬಲ್ಲಿನ ಬೆಲೆ ಏನೇನೂ ಅಲ್ಲ. ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದಂತಾಗಿತ್ತು.

ಇದರಲ್ಲಿ ಮಾಲೀಕರದೊಂದೇ ತಪ್ಪೆಂದು ಹೇಳಲಾಗದು. ಬಿಲ್ಲಿನಲ್ಲಿ ವೈರಿಂಗಿಗೆ ಪ್ರತ್ಯೇಕ ಬೆಲೆ ಇಲ್ಲದಿದ್ದರೆ ಕೆಲಸಗಾರನು ಅದಕ್ಕೆ ಸಮಯ ಕೊಡುವುದಿಲ್ಲ, ಗ್ರಾಹಕನೂ ಅದನ್ನು ಪರೀಕ್ಷಿಸುವುದಿಲ್ಲ.

ಮುಖ್ಯ ಕೊಳವೆ ಮತ್ತು ಕವಲುಗಳು

ಬೋಟಿನ ಉಪಕರಣಗಳು ಪರಸ್ಪರ ಮಾತನಾಡುವ ಭಾಷೆಯನ್ನು ಅಮೆರಿಕದ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ ನಿಗದಿಪಡಿಸಿದೆ. ಅದರ 1983ರ ಮಾನಕವಾದ ಎನ್‌ಎಂಇಎ 0183ರಲ್ಲಿ ಒಂದು ಜೋಡಿ ತಂತಿಯ ಮೇಲೆ ಒಂದೇ ಉಪಕರಣ ಮಾತನಾಡಬಲ್ಲದು, ಉಳಿದವು ಕೇಳಬಲ್ಲವು. ವೇಗ ಸೆಕೆಂಡಿಗೆ 4,800 ಬಿಟ್. 2001ರಲ್ಲಿ ಬಳಕೆಗೆ ಬಂದ ಎನ್‌ಎಂಇಎ 2000 ಎಂಬ ಮಾನಕವು ಬಾಷ್ ಸಂಸ್ಥೆಯು ಮೋಟಾರು ವಾಹನಗಳಿಗಾಗಿ ರೂಪಿಸಿದ ಕ್ಯಾನ್ ಪದ್ಧತಿಯನ್ನು ಆಧರಿಸಿದೆ. ಇದರಲ್ಲಿ ಎಲ್ಲ ಉಪಕರಣಗಳೂ ಒಂದೇ ಕೇಬಲ್ಲಿನ ಮೇಲೆ ಮಾತನಾಡುತ್ತವೆ ಮತ್ತು ಕೇಳುತ್ತವೆ. ವೇಗ ಸೆಕೆಂಡಿಗೆ 2.5 ಲಕ್ಷ ಬಿಟ್. ಈಗಿನ ಕಾರುಗಳ ವೈರಿಂಗನ್ನು ಬಲ್ಲ ಮೆಕ್ಯಾನಿಕ್‌ಗಳಿಗೆ ಈ ಪದ್ಧತಿ ತೀರಾ ಅಪರಿಚಿತವಲ್ಲ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ ನಮ್ಮ ಓದುಗರಿಗೆ ಇದರ ರಚನೆ ಸುಲಭವಾಗಿ ಅರ್ಥವಾಗುತ್ತದೆ. ಬೋಟಿನ ಉದ್ದಕ್ಕೂ ಒಂದು ಮುಖ್ಯ ಕೇಬಲ್. ಅದರಲ್ಲಿ ಅಲ್ಲಲ್ಲಿ ‘ಟೀ’ ಜೋಡಣೆ. ಪ್ರತಿಯೊಂದು ಟೀಯಿಂದ ಒಂದೊಂದು ಉಪಕರಣಕ್ಕೆ ಒಂದು ಕವಲು. ನಿಯಮಗಳು ಕೆಲವೇ, ಆದರೆ ಮೀರುವಂತಿಲ್ಲ. ಕವಲಿನ ಉದ್ದ 6 ಮೀಟರ್ ದಾಟಬಾರದು. ಎಲ್ಲ ಕವಲುಗಳು ಕೂಡಿ 78 ಮೀಟರ್ ಮೀರಬಾರದು. ಒಂದು ಜಾಲಕ್ಕೆ 50ಕ್ಕಿಂತ ಹೆಚ್ಚು ಉಪಕರಣಗಳು ಸಲ್ಲ. ಮುಖ್ಯ ಕೇಬಲ್ ಒಂದೇ ಸಾಲಾಗಿ ಸಾಗಬೇಕು. ಉಂಗುರದಂತೆ ಸುತ್ತಿ ಬರಬಾರದು, ನಕ್ಷತ್ರದಂತೆ ಒಂದೇ ಬಿಂದುವಿನಿಂದ ಹರಡಲೂಬಾರದು. ಕೊಳವೆಯ ತುದಿಗೆ ಮುಚ್ಚಳ ಹಾಕುವಂತೆ ಕೇಬಲ್ಲಿನ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ಟರ್ಮಿನೇಟರ್ ಇರಬೇಕು. ಇಲ್ಲವಾದರೆ ಸಂಕೇತಗಳು ತುದಿಯಿಂದ ಪುಟಿದು ಬಂದು ಮಾಹಿತಿಯನ್ನು ಕೆಡಿಸುತ್ತವೆ.

ಸರಿಯಾಗಿದೆಯೇ ಎಂದು ನೋಡಲು ದುಬಾರಿ ಯಂತ್ರವೂ ಬೇಡ. ವಿದ್ಯುತ್ ಆರಿಸಿ ಬಿಳಿ ಮತ್ತು ನೀಲಿ ಸಂಕೇತ ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು 60 ಓಮ್ ತೋರಿಸಬೇಕು. 120 ಬಂದರೆ ಒಂದು ಟರ್ಮಿನೇಟರ್ ತಪ್ಪಿದೆ, 40 ಬಂದರೆ ಒಂದು ಹೆಚ್ಚಾಗಿದೆ. ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್‌ಗಳ ರಿಪೇರಿ ಮಾಡುವ ನಮ್ಮ ಯಾವ ವರ್ಕ್‌ಶಾಪಿನಲ್ಲಿ ಮಲ್ಟಿಮೀಟರ್ ಇಲ್ಲ?

ಅಪಾಯವಿರುವುದು ಬೇರೆಡೆ. ಈ ಜಾಲವು 12 ವೋಲ್ಟ್ ಪದ್ಧತಿಗೆ ರೂಪಿತವಾದದ್ದು. ಬೋಟಿನಲ್ಲಿ 24 ವೋಲ್ಟ್ ಬ್ಯಾಟರಿ ಸಾಲು ಇದ್ದರೆ ನೇರವಾಗಿ ಜೋಡಿಸುವಂತಿಲ್ಲ. ನಡುವೆ ಪರಿವರ್ತಕ ಬೇಕು. ವಿದ್ಯುತ್ ಫ್ಯೂಸ್ ಮೂಲಕವೇ ಬರಬೇಕು. ಕೇಬಲ್ ಉದ್ದವಾದಾಗ ಒಂದು ತುದಿಯಿಂದ ವಿದ್ಯುತ್ ಕೊಟ್ಟರೆ ಇನ್ನೊಂದು ತುದಿಯಲ್ಲಿ ವೋಲ್ಟೇಜ್ ಕುಸಿಯುವುದರಿಂದ ಅದನ್ನು ನಡುಭಾಗದಲ್ಲಿ ಕೊಡುವುದು ಲೇಸು. ಮನೆಯ ವೈರಿಂಗಿನ ತಾಮ್ರದ ತಂತಿಯನ್ನು ಬೋಟಿಗೆ ಹಾಕಿದರೆ ಅದು ಬೇಗನೆ ಕಿಲುಬು ಹಿಡಿಯುತ್ತದೆ; ತವರ ಲೇಪಿಸಿದ ತಂತಿಯೇ ಬೇಕು.

ವೈರು ಮತ್ತು ಜೀವ

ಇದು ಅನುಕೂಲದ ಪ್ರಶ್ನೆ ಮಾತ್ರವಲ್ಲ. ಡಿಎಸ್‌ಸಿ ಸೌಲಭ್ಯವುಳ್ಳ ವಿಎಚ್‌ಎಫ್ ರೇಡಿಯೋದಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಬೋಟಿನ ಗುರುತು ಸಂಖ್ಯೆಯೊಡನೆ ಆಪತ್ತಿನ ಕರೆ ತಾನಾಗಿಯೇ ಹೋಗುತ್ತದೆ. ಬೋಟು ಎಲ್ಲಿದೆ ಎಂಬ ಅಕ್ಷಾಂಶ, ರೇಖಾಂಶಗಳೂ ಅದರೊಡನೆ ಹೋಗಬೇಕಾದರೆ ರೇಡಿಯೋಗೆ ಜಿಪಿಎಸ್‌ನ ಸಂಪರ್ಕವಿರಬೇಕು. ಜಿಪಿಎಸ್ ಒಳಗೇ ಇರುವ ಮಾದರಿಗಳು ಬಂದಿವೆ. ಹಾಗಿಲ್ಲದ ರೇಡಿಯೋಗೆ ತಂತಿಯೇ ಗತಿ. ಆ ತಂತಿಯನ್ನು ಜೋಡಿಸದಿದ್ದರೆ ಕರೆ ಹೋಗುತ್ತದೆ, ಸ್ಥಳ ಹೋಗುವುದಿಲ್ಲ. ಪಕ್ಕದಲ್ಲೇ ಜಿಪಿಎಸ್ ಸ್ಥಳವನ್ನು ತೋರಿಸುತ್ತಿದ್ದರೂ ರೇಡಿಯೋಗೆ ಅದು ತಿಳಿದಿರುವುದಿಲ್ಲ.

ಕಡಲಿನಲ್ಲಿ ಸ್ಥಳ ತಿಳಿಯದಿರುವುದೆಂದರೆ ಏನೆಂಬುದನ್ನು ನಮ್ಮ ಜಿಲ್ಲೆ ಕಂಡಿದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಿನಲ್ಲಿ, ಮಹಾರಾಷ್ಟ್ರದ ಮಾಲ್ವಣ ತೀರದಾಚೆ, ನೌಕಾಪಡೆಯ ಹಡಗಿನಿಂದ. ಆ ದುರಂತಕ್ಕೂ ವೈರಿಂಗಿಗೂ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶ ಖಂಡಿತ ಅಲ್ಲ. ಮನೆಯವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ದಾರಿ ಕಾದರು ಎಂಬುದನ್ನು ಮಾತ್ರ ಈ ಕೆಲಸಕ್ಕೆ ಕೈಹಾಕುವವರು ಮರೆಯಬಾರದು. ಪಂಪ್‌ಸೆಟ್ ಕೆಟ್ಟರೆ ತೋಟಕ್ಕೆ ನೀರು ತಪ್ಪುತ್ತದೆ. ಇಲ್ಲಿ ತಪ್ಪಿದರೆ ಪರಿಣಾಮ ಬೇರೆ.

ಕಾಲ ಕೂಡಿಬರುವ ಬಗೆ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವಿದೆ. ಬೋಟಿನ ದುರಸ್ತಿ, ಬಣ್ಣ, ವೈರಿಂಗ್ ಎಲ್ಲಕ್ಕೂ ಅದೇ ಕಾಲ. ನಮ್ಮಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ಯಂತ್ರಗಳ ವರ್ಕ್‌ಶಾಪುಗಳಿಗೆ ಬಿಡುವಿರುವುದಿಲ್ಲ, ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳ ಸರದಿ. ಜೂನ್, ಜುಲೈಗಳಲ್ಲಿ ಕೆಲಸ ಇಳಿಯುತ್ತದೆ, ಬಾಡಿಗೆ ಮತ್ತು ಸಂಬಳ ಇಳಿಯುವುದಿಲ್ಲ. ಘಟ್ಟದ ಕೆಳಗಿನವರ ಬೇಡಿಕೆಯ ಕಾಲವೂ ನಮ್ಮ ಬಿಡುವಿನ ಕಾಲವೂ ಹೀಗೆ ಕೂಡಿಬರುವುದು ಅಪರೂಪ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ವ್ಯಾಪಾರಿಗೆ ಹೇಳಿಕೊಡಬೇಕಾದ ಮಾತಲ್ಲ. ಮಳೆಗಾಲದಲ್ಲಿ ಘಟ್ಟ ಕುಸಿದು ರಸ್ತೆ ಮುಚ್ಚುವುದುಂಟಾದ್ದರಿಂದ ಕೇಬಲ್, ಕನೆಕ್ಟರ್‌ಗಳನ್ನು ಮೇ ತಿಂಗಳಲ್ಲೇ ಕೆಳಗಿಳಿಸಿಡುವುದು ಜಾಣತನ.

ಲೆಕ್ಕದ ಮಾತು

ವೃತ್ತಿಯ ಕಾರಣದಿಂದ ನಾಲ್ಕು ಎಚ್ಚರಿಕೆಗಳನ್ನು ಹೇಳಲೇಬೇಕು.

1. ತಾಜಾ ಮೀನಿನ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಬೋಟು ಮಾಲೀಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ನಿಮ್ಮ ಬಿಲ್ಲಿನ ತೆರಿಗೆ ಅವರಿಗೆ ಪೂರ್ತಿ ಖರ್ಚು. ಆದ್ದರಿಂದ ಕೊಟೇಶನ್ನನ್ನು ತೆರಿಗೆ ಸೇರಿಸಿಯೇ ಕೊಡಬೇಕು. ಮಾಲೀಕರು ಆ ತೆರಿಗೆಯನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆಯಬಹುದು.

2. ಮೀನುಗಾರಿಕಾ ಹಡಗು ಮತ್ತು ಅದರ ಭಾಗಗಳಿಗೆ ಶೇ. 5ರ ದರವಿದ್ದರೆ, ಎಲೆಕ್ಟ್ರಾನಿಕ್ ಉಪಕರಣ, ಕೇಬಲ್‌ಗಳನ್ನು ಬಿಡಿಯಾಗಿ ಮಾರುವಾಗ ಸಾಮಾನ್ಯವಾಗಿ ಶೇ. 18. ನಿಮ್ಮ ಸರಕು ಯಾವ ನಮೂದಿಗೆ ಸೇರುತ್ತದೆ ಎಂಬ ವರ್ಗೀಕರಣವನ್ನು ದರ ಹೇಳುವ ಮೊದಲೇ ನಿರ್ಧರಿಸಿಕೊಳ್ಳಬೇಕು. ಬೋಟು ಚರ ಸ್ವತ್ತಾದ್ದರಿಂದ ಇದು ಜಿಎಸ್‌ಟಿ ಕಾಯ್ದೆಯ ಅರ್ಥದಲ್ಲಿ ಕಾಮಗಾರಿ ಗುತ್ತಿಗೆಯಲ್ಲ. ಉಪಕರಣ ಮತ್ತು ಅಳವಡಿಕೆ ಒಟ್ಟಾಗಿ ಸಂಯುಕ್ತ ಪೂರೈಕೆಯಾದಲ್ಲಿ ಮುಖ್ಯ ಸರಕಿನ ದರವೇ ಎಲ್ಲಕ್ಕೂ ಅನ್ವಯಿಸುತ್ತದೆ. ಬಿಲ್ಲಿನಲ್ಲಿ ವೈರಿಂಗನ್ನು ಬೇರೆ ಸಾಲಿನಲ್ಲಿ ತೋರಿಸಿದ ಮಾತ್ರಕ್ಕೆ ದರ ಬದಲಾಗದು. ಹಾಗಿದ್ದರೂ ತೋರಿಸಬೇಕು, ಏಕೆಂದರೆ ಬೆಲೆಯಿದ್ದ ಕೆಲಸಕ್ಕೆ ಮಾತ್ರ ಹೊಣೆಯಿರುತ್ತದೆ.

3. ನೋಂದಣಿಗೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿ ಸರಕನ್ನಷ್ಟೇ ಮಾರುವವರಿಗೆ. ಅಳವಡಿಕೆಯ ಸೇವೆ ಸೇರಿದರೆ 20 ಲಕ್ಷದ ಮಿತಿಯನ್ನು ಗಮನಿಸಬೇಕು. ಸಣ್ಣ ವರ್ಕ್‌ಶಾಪುಗಳು ಎಡವುವುದು ಇಲ್ಲೇ.

4. ಬೋಟಿನ ವ್ಯವಹಾರ ಹಂಗಾಮಿನದು; ಮೀನು ಬಿದ್ದರೆ ಹಣ. ಸಾಮಗ್ರಿಯ ಪೂರ್ತಿ ಬೆಲೆಯನ್ನು ಮುಂಗಡವಾಗಿ ಪಡೆಯದೆ ಕೇಬಲ್ ಕತ್ತರಿಸಬಾರದು. ಕತ್ತರಿಸಿದ ಕೇಬಲ್ಲನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ.

ಏನು ಮಾಡಬಹುದು

ಮುಖ್ಯ ಕೇಬಲ್, ಟೀ, ಟರ್ಮಿನೇಟರ್‌ಗಳನ್ನು ನಾವೇ ತಯಾರಿಸುವ ಸಾಹಸಕ್ಕೆ ಹೋಗಬಾರದು. ಪ್ರಮಾಣಿತ ಮಾಲನ್ನೇ ಕೊಳ್ಳಬೇಕು. ಆದರೆ ಫ್ಯೂಸ್ ಪೆಟ್ಟಿಗೆ, ಸ್ವಿಚ್ ಪ್ಯಾನೆಲ್, ಸ್ಟೇನ್‌ಲೆಸ್ ಸ್ಟೀಲಿನ ಬ್ರಾಕೆಟ್, ನೀರು ನುಗ್ಗದ ಕವಚ, ಅಳತೆಗೆ ಕತ್ತರಿಸಿ ಗುರುತು ಹಚ್ಚಿದ ವಿದ್ಯುತ್ ತಂತಿಗಳ ಕಟ್ಟು ಇವೆಲ್ಲ ನಮ್ಮ ಸಣ್ಣ ಘಟಕಗಳಿಗೆ ನಿಲುಕುವ ವಸ್ತುಗಳು. ಐಟಿಐ ಎಲೆಕ್ಟ್ರಿಷಿಯನ್ ತರಬೇತಿ ಪಡೆದ ಯುವಕರಿಗೆ ಅಳವಡಿಕೆಯನ್ನು ಕಲಿಸಬಹುದು. ಮೊದಲ ವರ್ಷ ಒಬ್ಬೊಬ್ಬರೇ ಹೋಗದೆ ಮೂರು ತಾಲೂಕುಗಳ ನಾಲ್ಕೈದು ವರ್ಕ್‌ಶಾಪುಗಳು ಕೂಡಿ ಒಂದೆರಡು ಬೋಟುಗಳ ಕೆಲಸವನ್ನಷ್ಟೇ ವಹಿಸಿಕೊಳ್ಳುವುದು ಕ್ಷೇಮ.

ಪ್ರತಿ ಕೆಲಸದ ಕೊನೆಯಲ್ಲಿ ಮಾಲೀಕರಿಗೂ ತಾಂಡೇಲರಿಗೂ ಒಂದು ಹಾಳೆ ಕೊಡುವ ಪದ್ಧತಿ ಇಡಬೇಕು. ಅದರಲ್ಲಿ ಕೇಬಲ್ ಸಾಗುವ ನಕ್ಷೆ, ಓಮ್ ಮತ್ತು ವೋಲ್ಟೇಜ್ ಅಳತೆ, ರೇಡಿಯೋ ತೆರೆಯ ಮೇಲೆ ಸ್ಥಳ ಕಾಣಿಸಿತೆಂಬ ನಮೂದು, ಕೆಲಸಗಾರನ ಸಹಿ ಇರಬೇಕು. ಬ್ಯಾಲೆನ್ಸ್ ಶೀಟಿಗೆ ನಾವು ಸಹಿ ಹಾಕುವಂತೆ ಅವರೂ ಹೆಸರು ಕೊಟ್ಟು ಸಹಿ ಹಾಕಲಿ.

ಎಲ್ಲ ಬೋಟಿಗೂ ಇದು ಬೇಕೇ ಎಂದು ಕೇಳಬಹುದು. ಬೇಡ. ಜಿಪಿಎಸ್ ಮತ್ತು ಫಿಶ್ ಫೈಂಡರ್ ಒಂದೇ ತೆರೆಯಲ್ಲಿರುವ ಸಣ್ಣ ದೋಣಿಗೆ ಜಾಲ ಕಟ್ಟಿಸುವುದು ಗ್ರಾಹಕನ ಹಣ ಪೋಲು ಮಾಡಿದಂತೆ. ಅಂಥವರಿಗೆ ‘ನಿಮಗಿದು ಬೇಡ, ಫ್ಯೂಸ್ ಮತ್ತು ತಂತಿ ಮಾತ್ರ ಸರಿಪಡಿಸಿಕೊಳ್ಳಿ’ ಎಂದು ಹೇಳುವ ಪ್ರಾಮಾಣಿಕತೆ ನಮ್ಮಲ್ಲಿರಬೇಕು. ಘಟ್ಟದ ಕೆಳಗೆ ಹೊಸದಾಗಿ ಕಾಲಿಡುವ ನಮಗೆ ಆ ಮಾತಿನಿಂದ ಸಿಗುವ ವಿಶ್ವಾಸವೇ ಮೊದಲ ಬಂಡವಾಳ.

ಮುಂದಿನ ಜೂನ್ ಒಂದನೇ ತಾರೀಖಿಗೆ ಬೋಟುಗಳು ದಡಕ್ಕೆ ಬರುತ್ತವೆ. ಆಸಕ್ತ ವರ್ಕ್‌ಶಾಪಿನವರು ಅದಕ್ಕೆ ಮೊದಲೇ ಒಂದು ದಿನ ಕುಮಟಾ, ಹೊನ್ನಾವರಗಳ ಕಡೆ ಇಳಿದು, ಒಂದು ಬೋಟಿನ ಎಂಜಿನ್ ಕೋಣೆಯ ತಂತಿಗಳನ್ನು ಕಣ್ಣಾರೆ ನೋಡಿ ಬರಲಿ. ಕೆಲಸ ಎಷ್ಟಿದೆ ಎಂಬುದು ಅಲ್ಲೇ ಮನದಟ್ಟಾಗುತ್ತದೆ.